ಬಾವಿ ನೀರಿನ ಮೇಲೆ ಭಾವನ ಆರೋಪ

ನೀರು ಕುಡಿಯುವವರನ್ನು ನೀವು ನೋಡಿದ್ದೀರಿ. ಕಂಡಕಂಡವರಿಗೆ ನೀರು ಕುಡಿಸುವವರನ್ನೂ ನೋಡಿದ್ದೀರಿ. ಆದರೆ ನೀರನ್ನೇ ಕಟಕಟೆಯಲ್ಲಿ ನಿಲ್ಲಿಸಿ, ಪಾಟೀಸವಾಲು ಹಾಕಿ, ಅದು ತಪ್ಪೊಪ್ಪಿಕೊಳ್ಳುವವರೆಗೆ ಬಿಡದವರನ್ನು ನೋಡಿದ್ದೀರಾ? ಇಲ್ಲವಾದರೆ ಮಡಂತ್ಯಾರಿಗೆ ಬನ್ನಿ. ನನ್ನ ಭಾವ, ಅಂದರೆ ಅಕ್ಕನ ಗಂಡ, ಅಲ್ಲಿದ್ದಾರೆ. ಬರುವಾಗ ಹೊಟ್ಟೆಯಲ್ಲಿ ಸ್ವಲ್ಪ ಜಾಗ ಇಟ್ಟುಕೊಂಡು ಬನ್ನಿ. ಊಟಕ್ಕಲ್ಲ, ನೀರಿಗೆ!

ಇದರಲ್ಲಿ ತಮಾಷೆ ಏನೆಂದರೆ, ಈ ಭಾವ ಮೊನ್ನೆ ಮೊನ್ನೆಯವರೆಗೆ ಮಾರ್ಗದ ಬದಿಯಲ್ಲಿ ಹೋಟೆಲು ನಡೆಸುತ್ತಿದ್ದವರು. ಮನೆ ಹೋಟೆಲಿನ ಬೆನ್ನಿಗೇ ಇದೆ. ಎರಡಕ್ಕೂ ಒಂದೇ ಬಾವಿ. ಗಿರಾಕಿಗಳಲ್ಲಿ ಯಾರಾದರೂ ಅಪ್ಪಿತಪ್ಪಿ "ನೀರು ಫಿಲ್ಟರಿನದ್ದಾ?" ಎಂದು ಕೇಳಿದರೆ ಮುಗಿಯಿತು. ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಬೊಬ್ಬೆ ಹೊಡೆಯುತ್ತಿದ್ದರು: "ಬಾವಿ ನೀರು ಮಾರಾಯ್ರೆ, ಅಮೃತ! ಬೇಡದಿದ್ರೆ ಸೋಡಾ ಕುಡಿಯಿರಿ!" ಆ ಬಾವಿಯ ನೀರನ್ನು ಅವರು ಹೊಗಳುತ್ತಿದ್ದಷ್ಟು ನನ್ನ ಅಕ್ಕನನ್ನು ಎಂದೂ ಹೊಗಳಿದ್ದು ನನಗೆ ನೆನಪಿಲ್ಲ. ಅಂಥವರು ಅದೇ ಬಾವಿಯ ಮೇಲೆ ತಿರುಗಿಬಿದ್ದರು ಎಂದರೆ ಅದಕ್ಕೊಂದು ಕಾರಣ ಬೇಡವೇ?

ಕಾರಣ ಅಕ್ಕ. ಕಳೆದ ವರ್ಷ ಅವಳಿಗೆ ಕಾಯಿಲೆಯಾಯಿತು. ಅದರ ಹೆಸರನ್ನು ನಮ್ಮ ಮನೆಗಳಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಮಂಗಳೂರಿನ ಆಸ್ಪತ್ರೆಗೆ ತಿಂಗಳುಗಟ್ಟಲೆ ಓಡಾಟ, ಕೈಗೆ ಚುಚ್ಚಿದ ನಳಿಗೆಗಳು, ದಿಂಬಿನ ಮೇಲೆ ಉದುರಿದ ಕೂದಲು. ಅಂತೂ ಔಷಧಿಗಳು ಮುಗಿದವು, ವರದಿಗಳು ಒಳ್ಳೆಯದು ಹೇಳಿದವು, ತಲೆಯಲ್ಲಿ ಕೂದಲೂ ಚಿಗುರಿತು. ಎಲ್ಲ ಸರಿಯಾಯಿತು ಎನ್ನುವಾಗ ನೀರು ಕೈಕೊಟ್ಟಿತು. ಯಾವ ನೀರು ಕೊಟ್ಟರೂ ಅಕ್ಕನಿಗೆ ತುಕ್ಕಿನ ರುಚಿ. "ಹಳೇ ಬೀಗದಕೈ ಬಾಯಲ್ಲಿ ಇಟ್ಟ ಹಾಗೆ ಆಗ್ತದೆ" ಎಂದು ಎರಡು ಗುಟುಕಿಗೆ ಲೋಟ ಕೆಳಗಿಡುತ್ತಿದ್ದಳು. ಡಾಕ್ಟರು ಮಾತ್ರ ಚೆನ್ನಾಗಿ ನೀರು ಕುಡಿಯಲೇಬೇಕೆಂದು ಖಡಾಖಂಡಿತವಾಗಿ ಹೇಳಿದ್ದರು. ತುಕ್ಕಿನ ವಿಷಯ ಕೇಳಿದಾಗ, "ಅದು ನಾಲಗೆಯದ್ದು. ಔಷಧಿಯ ಪ್ರಭಾವ, ನಿಧಾನಕ್ಕೆ ತಾನಾಗಿ ಹೋಗ್ತದೆ" ಎಂದರಂತೆ.

ಭಾವ ಒಪ್ಪಬೇಕಲ್ಲ! ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ತೀರ್ಪು ಕೊಟ್ಟರು. "ಡಾಕ್ಟರು ನಮ್ಮ ಬಾವಿ ನೋಡಿದ್ದಾರಾ? ಇಲ್ಲ. ಮತ್ತೆ ಹೇಗೆ ಹೇಳ್ತಾರೆ? ಇದು ನಾಲಗೆಯದ್ದು ಅಲ್ಲವೇ ಅಲ್ಲ. ನೀರಿನದ್ದೇ!"

ಮರುದಿನವೇ ಫಿಲ್ಟರ್ ಆರಿಸಲು ಗುರುವಾಯನಕೆರೆಗೆ ಸವಾರಿ ಹೊರಟಿತು. ನಾನಿರುವುದು ಮೂಡುಬಿದಿರೆಯಲ್ಲಿ. ಅಕ್ಕನನ್ನು ನೋಡಲೆಂದು ಬಸ್ಸಿನಲ್ಲಿ ಬರುತ್ತಿದ್ದವಳನ್ನು ದಾರಿಯಲ್ಲೇ ಇಳಿಸಿಕೊಂಡು, "ನೀನೂ ಬಾ, ಸಾಕ್ಷಿಗೆ ಆಗ್ತದೆ" ಎಂದು ಎಳೆದುಕೊಂಡು ಹೋದರು. ಸ್ಕೂಟರಿನ ಕಾಲಿನ ಬಳಿ ದೊಡ್ಡ ಕ್ಯಾನು ತುಂಬ ಬಾವಿ ನೀರು. ಸೀರೆ ಆರಿಸಲು ಹೋಗುವವರು ರವಕೆಯ ತುಂಡು ಒಯ್ಯುತ್ತಾರಲ್ಲ, ಹಾಗೆ!

ಅಂಗಡಿಯ ಹಾಜಿಯವರಿಗೆ ಭಾವ ಹಳೆಯ ಗಿರಾಕಿ, ಹೋಟೆಲಿನ ಮಿಕ್ಸಿ, ಗ್ರೈಂಡರ್ ಎಲ್ಲ ಅಲ್ಲಿಂದಲೇ ಬಂದದ್ದು. ಅವರು ಆರ್‌ಒ ಎಂದರೇನು, ಯುವಿ ಎಂದರೇನು ಎಂದು ತಾಳ್ಮೆಯಿಂದ ವಿವರಿಸಿದರು. ಭಾವನಿಗೆ ವಿವರಣೆ ಬೇಡ. ಸಾಲಾಗಿ ನಿಂತ ಯಂತ್ರಗಳಿಗೆಲ್ಲ ತನ್ನ ಕ್ಯಾನಿನ ನೀರನ್ನೇ ಹಾಕಿ ತೋರಿಸಬೇಕೆಂದು ಹಟ. ಹಾಜಿಯವರು ಮೊದಲು ಪೆನ್ನಿನಂಥ ಟಿಡಿಎಸ್ ಮೀಟರನ್ನು ಕ್ಯಾನಿಗೆ ಅದ್ದಿದರು. ನೀರಿನಲ್ಲಿ ಲವಣ, ಖನಿಜ ಎಷ್ಟು ಕರಗಿದೆ ಎಂದು ಅದು ತೋರಿಸುತ್ತದಂತೆ. ನೋಡಿದರು, ಒರೆಸಿದರು, ಪುನಃ ಅದ್ದಿದರು.

"ಶೆಟ್ರೇ, ನಿಮಗೆ ಫಿಲ್ಟರ್ ಬೇಡ."

"ಯಾಕೆ? ಅಷ್ಟು ಹಾಳಾಗಿದೆಯಾ? ಯಾವ ಮೆಷಿನಿಗೂ ಆಗುವುದಿಲ್ವಾ?"

"ಹಾಳಾ? ಈ ಮೆಷಿನಿನಿಂದ ಹೊರಗೆ ಬರುವ ನೀರು ನಿಮ್ಮ ಕ್ಯಾನಿನಲ್ಲಿ ಈಗಲೇ ಉಂಟು. ಒಂದು ಕೆಲಸ ಮಾಡುವ. ಕ್ಯಾನು ಇಲ್ಲಿ ಬಿಟ್ಟು ಹೋಗಿ, ನಮ್ಮ ಚಾಕ್ಕೆ ಆಗ್ತದೆ."

ಮಾರಲು ಕುಳಿತ ವ್ಯಾಪಾರಿ ಬೇಡ ಎನ್ನುತ್ತಾನೆ, ಕೊಳ್ಳಲು ಬಂದವನು ಬಿಡುವುದಿಲ್ಲ! ಇಂಥ ಚೌಕಾಸಿಯನ್ನು ನಾನು ಹುಟ್ಟಿದ ಮೇಲೆ ಕಂಡದ್ದಿಲ್ಲ. ಕೊನೆಗೆ ಭಾವ "ನನಗೆ ಮಾರುವ ಮನಸ್ಸು ನಿಮಗೆ ಇಲ್ಲದಿದ್ರೆ ಬೇರೆ ಅಂಗಡಿಗೆ ಹೋಗ್ತೇನೆ" ಎಂದು ಮುನಿಸಿಕೊಂಡರು. ಅತಿ ಹೆಚ್ಚು ದೀಪಗಳಿದ್ದ ಯಂತ್ರ ಸ್ಕೂಟರ್ ಏರಿತು. ನಾನು ಮತ್ತೆ ಬಸ್ಸು ಹತ್ತಿದೆ. ಕ್ಯಾನು ಅಂಗಡಿಯಲ್ಲೇ ಉಳಿಯಿತು.

ಯಂತ್ರವನ್ನು ಗೋಡೆಗೆ ಹೊಡೆದ ದಿನ ಮೊದಲ ಲೋಟ ಅಕ್ಕನಿಗೆ. ಅವಳು ಲೋಟ ಪೂರ್ತಿ ಕುಡಿದು, ಕೊನೆಯ ಗುಟುಕನ್ನು ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆವು.

"ಸ್ವಲ್ಪ ಕಡಿಮೆ ಉಂಟು. ಆದ್ರೆ ಉಂಟು."

ಭಾವನೂ ಕುಡಿದು ಮುಖ ಹುಳ್ಳಗೆ ಮಾಡಿದರು. "ಹೌದು ಮಾರಾಯ್ತಿ, ನನಗೂ ಬಂತು. ಇದು ಒಳಗಿನ ಕಾರ್ಟ್ರಿಡ್ಜಿನ ಸಮಸ್ಯೆ, ಆ ಸೋಸುವ ಕೊಳವೆಯದ್ದು."

ನಾನೂ ಕುಡಿದೆ. ನನಗೆ ಏನೂ ಬರಲಿಲ್ಲ. ಬಂದದ್ದು ಮಂಡೆಬಿಸಿ ಮಾತ್ರ.

ಅಲ್ಲಿಂದ ಮುಂದೆ ಯಂತ್ರದ ಹಿಂದೆ ಅದರ ಬಂಧುಬಳಗವೆಲ್ಲ ಬಂದಿಳಿಯತೊಡಗಿತು. ಕಸ ಹಿಡಿಯುವ ಫಿಲ್ಟರ್, ಇದ್ದಿಲಿನ ಫಿಲ್ಟರ್, ತಾಮ್ರದ ಫಿಲ್ಟರ್, ನಳ್ಳಿಯ ಮೂತಿಗೊಂದು, ಕೆಟಲಿನ ಬಾಯಿಗೊಂದು ಜಾಲರಿ. ಗ್ರೈಂಡರಿಗೆ ಹಾಕುವ ನೀರೂ ಸೋಸಿಯೇ ಬರಬೇಕು. ಯಾಕೆಂದು ಕೇಳಿದರೆ, "ನೀರುದೋಸೆಯಲ್ಲಿ ದೋಸೆ ಎಷ್ಟು, ನೀರು ಎಷ್ಟು, ನೀನೇ ಹೇಳು" ಎನ್ನುತ್ತಾರೆ. ಒಂದು ಸಲ ಹೋದಾಗ ವಾಷಿಂಗ್ ಮೆಷಿನಿನ ಪೈಪಿಗೂ ಫಿಲ್ಟರ್ ಕುಳಿತಿತ್ತು. ನನಗೆ ತಡೆಯಲಾಗಲಿಲ್ಲ.

"ಭಾವ, ವಾಷಿಂಗ್ ಮೆಷಿನಿನ ನೀರು ಯಾರು ಕುಡಿಯುವುದು?"

"ಅದರಲ್ಲಿ ಒಗೆದ ಬೈರಾಸಿನಲ್ಲೇ ಅಲ್ವಾ ಅವಳು ಬಾಯಿ ಒರೆಸುವುದು?"

ನಾನು ಒದ್ದೆ ಕೈಯನ್ನು ಸೀರೆಯ ಸೆರಗಿಗೇ ಒರೆಸಿಕೊಂಡೆ.

ಇಷ್ಟೆಲ್ಲ ಸೋಸುವಿಕೆಯ ಪರಿಣಾಮವಾಗಿ ನೀರು ಹನಿಹನಿಯಾಗಿ ಇಳಿಯತೊಡಗಿತು. ಒಂದು ಲೋಟ ತುಂಬುವಷ್ಟರಲ್ಲಿ ಬೆಳ್ತಂಗಡಿಗೆ ಹೋಗಿ ಬರಬಹುದು. ಅದಲ್ಲದೆ ಈ ಆರ್‌ಒ ಯಂತ್ರ ಒಳ್ಳೆಯ ನೀರು ಕೊಡುವುದು ಕಡಿಮೆ, ಬೇಡವೆಂದು ಹೊರಗೆ ಬಿಡುವುದೇ ಹೆಚ್ಚು. ಹೋಟೆಲಿನವರಿಗೆ ಏನನ್ನಾದರೂ ಚೆಲ್ಲಲು ಮನಸ್ಸು ಬರುತ್ತದೆಯೇ? ಬಿಟ್ಟ ನೀರನ್ನು ಬಾಲ್ದಿಗಳಲ್ಲಿ, ಹಂಡೆಯಲ್ಲಿ, ಹೋಟೆಲಿನ ಹಳೆಯ ಸಾಂಬಾರಿನ ಪಾತ್ರೆಗಳಲ್ಲಿ ತುಂಬಿಸಿಟ್ಟರು. ಅದನ್ನು ಖರ್ಚು ಮಾಡಲು ಸ್ಕೂಟರ್ ತೊಳೆದರು. ಸ್ಕೂಟರ್ ಮುಗಿದ ಮೇಲೆ ಅಂಗಳ ತೊಳೆದರು. ಅಂಗಳವೂ ಮುಗಿದ ಮೇಲೆ, ಮಾರ್ಗದ ಬದಿಯಲ್ಲಿ ಯಾರ್ಯಾರೋ ನಿಲ್ಲಿಸಿದ್ದ ಬೈಕುಗಳನ್ನು ಕೇಳದೆಯೇ ತೊಳೆದುಕೊಟ್ಟರು. ಒಬ್ಬರಂತೂ ಪಾಪ, ಒದ್ದೆ ಸೀಟಿನ ಮೇಲೆ ಕುಳಿತು ಶಿರ್ತಾಡಿಯವರೆಗೆ ಹೋದರಂತೆ.

ಇನ್ನು ಬೆಲ್ಲದ ಪ್ರಕರಣ. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಮಾತು ಆಮೇಲೆ. ಅಕ್ಕ ಆರೋಗ್ಯವಾಗಿದ್ದಾಗ ಅದು ಅವಳ ಕೆಲಸ. ಬಂದವರು ಚಪ್ಪಲಿ ಕಳಚುವ ಮೊದಲೇ ಬೆಲ್ಲ, ನೀರು ಹಿಡಿದು ಚಾವಡಿಯಲ್ಲಿ ನಿಂತಿರುತ್ತಿದ್ದಳು. ಕಾಯಿಲೆಯಾದ ಮೇಲೆ ಆ ಕೆಲಸ ಭಾವನ ಪಾಲಿಗೆ ಬಂತು. ಭಾವನ ತಲೆಯೊಳಗೆ ದೀಪ ಹತ್ತಿತು. ಅಕ್ಕನನ್ನು ನೋಡಲು ದಿನಾ ಜನ ಬರುತ್ತಾರಲ್ಲ, ಪುಕ್ಕಟೆ ಪರೀಕ್ಷಕರು! ಬಂದವರೆದುರು ಬೇರೆ ಬೇರೆ ನೀರಿನ ಲೋಟಗಳನ್ನು ಸಾಲಾಗಿಟ್ಟು, "ಯಾವುದರಲ್ಲಿ ತುಕ್ಕು ಉಂಟು, ಹೇಳಿ ನೋಡುವ" ಎಂದು ಕೇಳತೊಡಗಿದರು.

ಈಗ ನೀವೇ ಹೇಳಿ, ಇನ್ನೊಬ್ಬರ ಮನೆಯ ನೀರಿಗೆ ಕುಂದು ಹೇಳುವ ಗಂಡೆದೆ ನಮ್ಮೂರಿನಲ್ಲಿ ಯಾರಿಗಿದೆ? ಎಲ್ಲರೂ "ಎಲ್ಲವೂ ಲಾಯ್ಕುಂಟು ಮಾರ್ರೆ, ಸಿಹಿಯಾಗಿ ಉಂಟು" ಎಂದು ಲೋಟಗಳನ್ನು ಬರಿದು ಮಾಡಿ ಬಚ್ಚಲಿನ ದಾರಿ ಕೇಳುತ್ತಿದ್ದರು. ಊರಿನ ಅರ್ಧದಷ್ಟು ಜನ ಕುಡಿದು ಹೋದ ಮೇಲೆ ಭಾವನಿಗೆ ಹೊಳೆಯಿತು: ಇವರೆಲ್ಲ ಮೊದಲು ಬೆಲ್ಲ ಬಾಯಿಗೆ ಹಾಕಿಕೊಂಡಿದ್ದಾರೆ! ಬೆಲ್ಲ ತಿಂದ ಬಾಯಿಗೆ ಚರಂಡಿಯ ನೀರೂ ಸಿಹಿಯೇ ಅಲ್ಲವೇ? ಅಂದಿನಿಂದ ಆ ಮನೆಯಲ್ಲಿ ಬೆಲ್ಲ ಬಂದ್. ಡಬ್ಬ ಅಟ್ಟ ಸೇರಿತು. ಶಿರ್ತಾಡಿಯ ನಮ್ಮ ಚಿಕ್ಕಮ್ಮ ಬಂದು, ಬರೀ ನೀರು ಕುಡಿದು, ಮನೆಗೆ ಹೋದವಳೇ ನನಗೆ ಫೋನ್ ಮಾಡಿದಳು. "ಅಲ್ಲ, ನಿನ್ನ ಭಾವನಿಗೂ ನನಗೂ ಎಂತ ಜಗಳ? ಒಂದು ತುಂಡು ಬೆಲ್ಲಕ್ಕೂ ಬೇಡವಾದೆನಾ ನಾನು?" ಅವಳನ್ನು ಸಮಾಧಾನ ಮಾಡಲು ನಾನು ಒಂದು ಅಚ್ಚು ಬೆಲ್ಲ ಹಿಡಿದುಕೊಂಡು ಶಿರ್ತಾಡಿಗೆ ಹೋಗಬೇಕಾಯಿತು.

ಮೂಡುಬಿದಿರೆಯಲ್ಲಿ ನಡೆದ ನೆಂಟರ ಮದುವೆಯಲ್ಲಿ ನಮ್ಮ ಮಾನ ಹರಾಜಾದದ್ದನ್ನು ಹೇಳದಿದ್ದರೆ ಕಥೆ ಪೂರ್ತಿಯಾಗದು. ಹಾಜಿಯವರ ಹತ್ತಿರದಿಂದ ಆ ಮೀಟರನ್ನೂ ತಂದುಕೊಂಡ ಭಾವ ಅದನ್ನು ಅಂಗಿಯ ಕಿಸೆಯಲ್ಲಿ ಪೆನ್ನಿನ ಹಾಗೆ ಸಿಕ್ಕಿಸಿಕೊಂಡಿರುತ್ತಿದ್ದರು. ಪಂಕ್ತಿಯಲ್ಲಿ ನೀರಿಗೆ ಅದ್ದಿ ನೋಡಿದರು, ಹೋಗಲಿ ಎಂದುಕೊಂಡೆ. ಬಾಳೆಲೆಯ ಮೇಲಿನ ಸಾರಿಗೂ ಅದ್ದಿದರು. ಅಂಕೆಗಳು ಓಡಿದವು, ಓಡಿದವು, ಕೊನೆಗೆ ಮೀಟರ್ ಕಣ್ಣು ಮುಚ್ಚಿತು. "ಅಯ್ಯೋ, ಸಾರಿನಲ್ಲಿ ಎಂತ ಹಾಕಿದ್ದಾರೆ ಇವರು!" ಎಂದು ಭಾವ ಕೂಗಿದ್ದೇ ತಡ, ಇಡೀ ಸಾಲು ಅನ್ನ ಕಲಸುವ ಕೈ ನಿಲ್ಲಿಸಿತು. ಅಡಿಗೆಯವರು ಸೌಟು ಹಿಡಿದುಕೊಂಡೇ ಬಂದರು. "ಉಪ್ಪು ಹಾಕಿದ್ದೇವೆ ಶೆಟ್ರೇ. ನಿಮ್ಮ ಹೋಟೆಲಿನಲ್ಲಿ ಹಾಕ್ತಿರಲಿಲ್ವಾ?"

ಆ ಮದುವೆಯಿಂದ ಬಂದ ಮೇಲೆ ನನಗೆ ಸಾಕೋ ಸಾಕಾಯಿತು. ಅಷ್ಟರಲ್ಲಿ ಹಾಜಿಯವರೂ ನನಗೆ ಫೋನ್ ಮಾಡಿದ್ದರು. "ಅಮ್ಮ, ನೀವಾದ್ರೂ ಹೇಳಿ. ಒಂದು ಕಾರ್ಟ್ರಿಡ್ಜ್ ವರ್ಷ ಬರ್ತದೆ. ಇವರು ಪೇಪರ್ ಬದಲಾಯಿಸಿದ ಹಾಗೆ ಬದಲಾಯಿಸ್ತಾರೆ. ನನಗೆ ವ್ಯಾಪಾರ ಒಳ್ಳೆಯದೇ, ಆದ್ರೆ ಮನಸ್ಸು ಕೇಳ್ಬೇಕಲ್ಲ." ಆ ವಾರವೇ ಮಡಂತ್ಯಾರಿಗೆ ಹೋದೆ. ಭಾವ ಅಡಿಗೆಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತು ಮತ್ತೊಂದು ಹೊಸ ಕಾರ್ಟ್ರಿಡ್ಜ್ ತಿರುಗಿಸುತ್ತಿದ್ದರು. ಅಕ್ಕ ಒಳಗೆ ಮಲಗಿದ್ದಳು.

"ಭಾವ, ನಿಜ ಹೇಳಿ. ನಿಮಗೆ ತುಕ್ಕಿನ ರುಚಿ ಬರ್ತದಾ?"

ಅವರು ಬಾಗಿಲ ಕಡೆ ನೋಡಿ ಸ್ಟೂಲಿನಿಂದ ಇಳಿದರು.

"ಎಂತ ತುಕ್ಕು ಮಾರಾಯ್ತಿ! ನಮ್ಮ ಬಾವಿಯ ನೀರಿಗೆ ಎಂತ ಆಗಿದೆ? ಅಮೃತ ಅದು."

"ಮತ್ತೆ ಇದೆಲ್ಲ?"

"ಫಿಲ್ಟರ್ ಬದಲಾಯಿಸಿದ ದಿನ ಅವಳು ಒಂದು ಲೋಟ ಪೂರ್ತಿ ಕುಡೀತಾಳೆ. ಹೇಗುಂಟು ನೋಡುವ ಅಂತ. ಬೇರೆ ದಿನ ಎಷ್ಟು ಬೇಡಿದ್ರೂ ಎರಡು ಗುಟುಕು."

ಅವರು ಹಳೆಯ ಕಾರ್ಟ್ರಿಡ್ಜನ್ನು ಬೈರಾಸಿನಲ್ಲಿ ಒರೆಸುತ್ತಾ ಇದ್ದರು. ಅದನ್ನು ಒರೆಸುವ ಅಗತ್ಯವೇ ಇರಲಿಲ್ಲ.

"ಡಾಕ್ಟರು ಹೇಳಿದ್ದು ಸರಿ. ನನಗೆ ಗೊತ್ತುಂಟು. ಆದ್ರೆ ಒಂದು ವರ್ಷದಿಂದ ಅವಳಿಗೆ ಎಲ್ರೂ ಹೇಳಿದ್ದು ಅದನ್ನೇ ಅಲ್ವಾ? ನಿನ್ನ ರಕ್ತದಲ್ಲಿ ದೋಷ ಉಂಟು, ಅಲ್ಲಿ ಉಂಟು, ಇಲ್ಲಿ ಉಂಟು. ಈಗ ನಾಲಗೆಯಲ್ಲೂ ಉಂಟು ಅಂತ ನಾನು ಹೇಳ್ಬೇಕಾ? ಇದೊಂದು ಸಲ ದೋಷ ನೀರಿನದ್ದೇ ಇರಲಿ."

ಭಾವನನ್ನು ತರಾಟೆಗೆ ತೆಗೆದುಕೊಳ್ಳಲೆಂದು ಬಸ್ಸಿನಲ್ಲಿ ಕಲಿತುಕೊಂಡು ಬಂದ ಮಾತುಗಳೆಲ್ಲ ದಂಡವಾದವು. ನನಗೆ ಅಳು ಬಂತು. ಸ್ಟೂಲು ಹಿಡಿದುಕೊಂಡೆ, ಅವರು ಮತ್ತೆ ಹತ್ತಿ ತಿರುಗಿಸಿದರು.

ಅದಾದ ಮೇಲೆ ನಾನು ಹೋದದ್ದು ಮೊನ್ನೆ. ಅಂಗಳ ದಾಟಿ ಚಪ್ಪಲಿ ಕಳಚಲು ಬಗ್ಗಿದವಳು ತಲೆಯೆತ್ತಿದರೆ ಎದುರಿಗೆ ಅಕ್ಕ! ಒಂದು ಕೈಯಲ್ಲಿ ಚೆಂಬು, ಇನ್ನೊಂದರಲ್ಲಿ ತಟ್ಟೆ. ತಟ್ಟೆಯಲ್ಲಿ ಬೆಲ್ಲ. ಅಟ್ಟದ ಡಬ್ಬವನ್ನು ಯಾವಾಗ ಇಳಿಸಿದಳೋ ಗೊತ್ತಿಲ್ಲ. ಭಾವ ಅವಳ ಹಿಂದೆಯೇ, ಬಿದ್ದರೆ ಹಿಡಿಯುವ ಅಂದಾಜಿನಲ್ಲಿ ಎರಡೂ ಕೈ ಚಾಚಿಕೊಂಡು ಬರುತ್ತಿದ್ದರು.

"ಬೆಲ್ಲ ಬೇಡ ಅಂತ ಹೇಳಿದ್ದೆನಲ್ಲ" ಎಂದು ಗೊಣಗಿದರು.

"ನಿಮ್ಮ ಪರೀಕ್ಷೆ ಸಾಕು. ಬಂದವರಿಗೆ ಬೆಲ್ಲ ಕೊಡದ ಮನೆಯಾ ಇದು?" ಎಂದ ಅಕ್ಕ, ನನಗೆ ಕೊಟ್ಟು, ತಾನೂ ಲೋಟಕ್ಕೆ ಸುರಿದುಕೊಂಡಳು. ಬೆಲ್ಲ ಮುಟ್ಟಲಿಲ್ಲ. ಒಂದು ಗುಟುಕು. ನಿಲ್ಲಿಸಿದಳು. ಇನ್ನೊಂದು ಗುಟುಕು. ಆಮೇಲೆ ಲೋಟ ಪೂರ್ತಿ.

ಭಾವ ಅಭ್ಯಾಸಬಲದಿಂದ ಮುಖ ಹುಳ್ಳಗೆ ಮಾಡಲು ಸಿದ್ಧರಾಗಿದ್ದರು. "ಉಂಟಲ್ಲ ತುಕ್ಕು? ಹೊಸದು ತರ್ತೇನೆ..."

"ಇಲ್ಲ" ಎಂದಳು ಅಕ್ಕ. "ನೀರು ನೀರಿನ ಹಾಗೆಯೇ ಉಂಟು."

ಭಾವ ಅವಳ ಕೈಯಿಂದ ಲೋಟ ತೆಗೆದುಕೊಂಡು ಅದರ ತಳವನ್ನು ನೋಡಿದರು, ಅವಳ ಮುಖವನ್ನು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಇನ್ನೊಂದು ಲೋಟ ತರಲಾ?"

"ತನ್ನಿ."

ಆ ವಯಸ್ಸಿನಲ್ಲಿ ಭಾವ ಹಾಗೆ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ದೀಪಗಳೆಲ್ಲ ಉರಿಯುತ್ತಾ ಹನಿಹನಿ ಇಳಿಸುತ್ತಿದ್ದ ಯಂತ್ರದ ಮುಂದೆಯೇ ದಾಟಿ, ಮೂಲೆಯಲ್ಲಿದ್ದ ಬಾವಿ ನೀರಿನ ಕೊಡಪಾನಕ್ಕೆ ನೇರವಾಗಿ ಲೋಟ ಅದ್ದಿದರು. ತುಂಬಿ ತುಳುಕುವ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ನೆಲವೆಲ್ಲ ಒದ್ದೆ ಮಾಡುತ್ತಾ ಅಕ್ಕನ ಹತ್ತಿರ ಬಂದರು.