ಭಂಡಸಾಲೆ ಕೆಡಹಲು ಅಪ್ಪಣೆ

ಗೋಮತಮ್ಮ ತವರಿಗೆ ಹೋದದ್ದು ಗಂಡನ ಮೇಲಿನ ಸಿಟ್ಟಿನಿಂದಲ್ಲ, ಭಂಡಸಾಲೆಯ ಮೇಲಿನ ಸಿಟ್ಟಿನಿಂದ.

ಗಂಡ ಶಾಮರಾಯರ ಅಜ್ಜ ಮಂಜಿ ಎಂಬ ಹಾಯಿಹಡಗುಗಳಲ್ಲಿ ಅಕ್ಕಿ ಕಳಿಸುತ್ತಿದ್ದ ಕಾಲಕ್ಕೆ ಹೊಳೆಬದಿಯಲ್ಲಿ ಕಟ್ಟಿಸಿದ ಎತ್ತರದ ಉಗ್ರಾಣ ಅದು. ಈಗ ಅಜ್ಜನೂ ಇಲ್ಲ, ಅಕ್ಕಿಯೂ ಇಲ್ಲ. ಭಂಡಸಾಲೆ ಮಾತ್ರ ಮಾತು ಕೇಳಿಸದ ಕಿವುಡಜ್ಜನಂತೆ ರಾಯರ ಅಡಿಗೆಮನೆಯ ಕಡೆ ವರ್ಷವರ್ಷವೂ ಬಾಗುತ್ತಿತ್ತು. ಮೊನ್ನೆ ಅದರ ಹಂಚೊಂದು ಅಡಿಗೆಮನೆಯ ಮಾಡನ್ನು ತೂತು ಮಾಡಿ ಸಾರಿನ ಪಾತ್ರೆಗೇ ಬಿತ್ತು. ಗೋಮತಮ್ಮ ಆ ಹಂಚನ್ನು ಗಂಡನ ಬಾಳೆಲೆಗೆ ಬಡಿಸಿ, "ಇದನ್ನ್ ಕೆಡಗಿ ಹೇಳಿಕಳ್ಸಿ, ಆಗ ಬತ್ತೆ" ಎಂದು ಸಾಸ್ತಾನದ ಬಸ್ಸು ಹತ್ತಿದರು.

ಅಂದಿನಿಂದ ರಾಯರು ತಾವೇ ಗಂಜಿ ಬೇಯಿಸುತ್ತಿದ್ದರು. ಅದು ತಳದಲ್ಲಿ ಮಸಿಯಾಗಿಯೂ ಮೇಲೆ ಅಕ್ಕಿಯಾಗಿಯೂ ಉಳಿಯುತ್ತಿತ್ತು. ಹೆಂಡತಿ ಇಲ್ಲದ ಮನೆ ಅವರಿಗೆ ನಿಜಕ್ಕೂ ಬೇಡವಾಗಿತ್ತು. ಅಪ್ಪಣೆ ಇಲ್ಲದೆ ಕೆಡಹಿದರೆ ದಂಡ ಬೀಳುವುದರಿಂದ, ಬೆಳಿಗ್ಗೆಯೇ ಎದ್ದು ಪೇಟೆಯ ಪಂಚಾಯತಿ ಬೋರ್ಡ್ ಆಫೀಸಿಗೆ ನಡೆದರು.

"ಕಟ್ಟುಕೆ ಅಂದ್ ಅರ್ಜಿ ಕೊಟ್ಟವ್ರ್ ಇದ್ರ್," ಎಂದ ಗುಮಾಸ್ತ ದಿನಕರ. "ಕೆಡಗುಕೆ ಅಂದ್ ಬಂದವ್ರ್ ನೀವೇ ಸುರು. ಮನೆಯಂಗೆ ಎಲ್ಲ ಸಮ ಇತ್ತಲೆ?"

"ಸಮ ಇದ್ದಿದ್ರೆ ಇಲ್ಲಿಗ್ ಎಂತಕ್ಕೆ ಬತ್ತಿದ್ದೆ ಮರಾಯ?"

ಬೋರ್ಡಿನ ಅಧ್ಯಕ್ಷ ಮಂಜಯ್ಯನವರು ಬಹಳ ಒಳ್ಳೆಯವರು. ಯಾರು ಏನು ಕೇಳಿದರೂ 'ಅಡ್ಡಿಲ್ಲೆ' ಎನ್ನುವವರು. ಅವರು ಓವರ್ಸಿಯರ್ ಗೋವರ್ಧನನನ್ನು ಕರೆದುಕೊಂಡು ಕೂಡಲೇ ಸ್ಥಳಕ್ಕೆ ಬಂದರು. ಅವರ ಹಿಂದೆ ಅರ್ಧ ಪೇಟೆಯೂ ಬಂತು. ಗೋವರ್ಧನ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಗೋಡೆಯ ಓರೆ ನೋಡಿ, ತಾನು ನಿಂತ ಜಾಗದಿಂದ ಮೆಲ್ಲನೆ ಹಿಂದೆ ಸರಿದ.

"ಅಡ್ಡಿಲ್ಲೆ," ಎಂದರು ಮಂಜಯ್ಯ. "ಇವತ್ತೇ ಕೆಡಗಿ."

ರಾಯರ ಕಣ್ಣು ತುಂಬಿ ಬಂತು. ಪಕ್ಕದ ಮನೆಯ ವೇದಾವತಿ ಕೇಳಿದ್ದು ಆ ಮಾತನ್ನಷ್ಟೇ. ಗೋಮತಮ್ಮನಿಗೆ ಹೇಳಿಕಳಿಸಲು ಬಸ್ಸಿನವನನ್ನು ಹಿಡಿಯಬೇಕೆಂದು ಸೆರಗು ಸುತ್ತಿಕೊಂಡು ಓಡಿದಳು. ಅವಳು ಅತ್ತ ಓಡಿದ್ದಕ್ಕೂ ಕಡಲಿಗೆ ಹೋಗುವ ಚೆನ್ನಯ್ಯ ತನ್ನ ರಂಪಣಿ ಬಲೆಯ ಜನರೊಂದಿಗೆ ಇತ್ತ ಬಂದದ್ದಕ್ಕೂ ಸರಿಹೋಯಿತು.

"ಹ್ವಾಯ್, ಅದನ್ನ್ ಮುಟ್ಬ್ಯಾಡಿ!" ಎಂದ ಚೆನ್ನಯ್ಯ. "ಕಡ್ಲಿಂದ ಬಪ್ಪಾಗ ಇದ್ರ್ ಮಾಡಿನ್ ತುದಿ ಹಿಂದಿನ್ ಗುಡ್ಡೆಗ್ ತಾಗಿದಂಗೆ ಕಂಡ್ರೆ ನಾವ್ ದೋಣಿ ತಿರ್ಗ್ಸುದ್. ಆಗ ಅಳಿವೆ ಬಾಯಿ ಸಿಕ್ಕತ್ತ್. ಇದ್ ಇಲ್ದಿದ್ರೆ ಮರಳ್ ದಿಬ್ಬಕ್ಕೆ ಹೊಡ್ದ್ ಸಾಯುದೇ."

"ದೋಣಿ ಕಟ್ಟು ಧಕ್ಕೆಯಂಗೆ ದೀಪ ಇಲ್ಯಾ?" ಎಂದರು ಮಂಜಯ್ಯ.

"ಯುದ್ಧ ಸುರು ಆದ್ಮೇಲೆ ಜಪಾನಿನವ್ರ್ ಕಾಂತ್ರ್ ಅಂದ್ ನೀವೇ ನಂದ್ಸಿದ್ರಿ, ಅಲ್ದಾ?"

ರಾಯರು ಗಾಬರಿಯಿಂದ, "ಅಷ್ಟೇ ಎತ್ರಕ್ಕೆ ಹೊಸ್ತ್ ಕಟ್ಟಿ ಕೊಡ್ತೆ ಚೆನ್ನಯ್ಯ. ನೆಟ್ಟಗೆ!" ಎಂದರು.

"ನೆಟ್ಟಗ್ ಆರೆ ಗುರ್ತ್ ತಪ್ತ್ ರಾಯ್ರೆ. ಓರೆ ಇದ್ದದ್ಕೇ ನಮ್ಗೆ ಸಮ ಕಾಂಬುದ್."

ಹತ್ತಾರು ಮನೆಯವರ ಜೀವದ ಪ್ರಶ್ನೆ. ಮಂಜಯ್ಯನವರು ಓವರ್ಸಿಯರನ ಮುಖ ನೋಡಿದರು.

"ಈ ಬದಿಯಿಂದ ಮರದ ಕಂಬ ಕೊಟ್ರೆ ಇದೇ ಓರೆಯಂಗೆ ನೂರ್ ವರ್ಷ ನಿಲ್ತ್," ಎಂದ ಗೋವರ್ಧನ.

"ಈ ಬದಿ ಎಂತ ಇತ್ತ್?"

"ರಾಯ್ರ ಅಡ್ಗಿಮನಿ."

ಮಂಜಯ್ಯನವರು ಹೆಚ್ಚು ಯೋಚಿಸಲಿಲ್ಲ. "ಅಡ್ಡಿಲ್ಲೆ. ರಾಯ್ರ್ ಹ್ಯಾಂಗೂ ಕೆಡಗುಕೆ ಅರ್ಜಿ ಕೊಟ್ಟಿರ್. ಭಂಡಸಾಲೆ ಅಂಬ್ದನ್ನ್ ಹೊಡ್ದ್ ಅಡ್ಗಿಮನಿ ಅಂದ್ ಬರಿ ದಿನಕರ. ಯಾರ್ದಾರೂ ತಕರಾರ್ ಇತ್ತಾ?"

ಯಾರದೂ ಇರಲಿಲ್ಲ. ರಾಯರೊಬ್ಬರು ಕೈ ಎತ್ತಿದರು.

"ಅರ್ಜಿ ಕೊಟ್ಟವ್ರೇ ತಕರಾರ್ ಮಾಡುಕ್ ಆತ್ತಿಲ್ಲೆ ರಾಯ್ರೆ," ಎಂದ ದಿನಕರ, ಬಹಳ ಮರ್ಯಾದೆಯಿಂದ.

ರಂಪಣಿಯವರು ಹಗ್ಗ ಕಟ್ಟಿ, ಬಲೆ ಎಳೆಯುವ ಹಾಗೆಯೇ 'ಹೈಸಾ' ಎಂದು ಎಳೆದರು. ಅಡಿಗೆಮನೆ ಮಾತಿಲ್ಲದೆ ಬಂತು. ಹಳೆಯ ದೋಣಿಗಳ ಹಾಯಿಪಟದ ಕಂಬಗಳನ್ನು ಹೊತ್ತು ತಂದು ಭಂಡಸಾಲೆಗೆ ಆನಿಸಿದರು. ಕೂಲಿ ಬೇಡವೇ ಬೇಡ ಎಂದರು.

ಸಂಜೆಯ ಬಸ್ಸಿನಿಂದ ಗೋಮತಮ್ಮ ನಗುತ್ತಾ ಇಳಿದರು. ತಲೆಯಲ್ಲಿ ಅಬ್ಬಲಿಗೆ ಹೂ, ಕಂಕುಳಲ್ಲಿ ಗಂಟು. ಮನೆಯ ಹಿಂದೆ ಬಂದು ಭಂಡಸಾಲೆಯನ್ನು ನೋಡಿದರು. ಆಮೇಲೆ ಆಕಾಶವನ್ನು ನೋಡಿದರು. ಇಷ್ಟು ಆಕಾಶ ಅಲ್ಲಿ ಮೊದಲು ಇರಲಿಲ್ಲ.

"ಒಲಿ ಎಲ್ಲಿ?"

"ಭಂಡಸಾಲೆ ಒಳ್ಗ್ ಇಡ್ಸಿದೊ ಅಮ್ಮ," ಎಂದರು ಮಂಜಯ್ಯ. "ಈಗ ಅದ್ ಭದ್ರ ಇತ್ತ್. ಬೇಕಾರೆ ಹತ್ತ್ ಒಲಿ ಹೂಡಿ."

ಗೋಮತಮ್ಮ ಗಂಟನ್ನು ಕೆಳಗಿಡಲೇ ಇಲ್ಲ. ಯುದ್ಧದಿಂದ ಪೆಟ್ರೋಲಿಲ್ಲದ ಬಸ್ಸಿಗೆ ಬಸ್ಸಿನವನು ಇನ್ನೂ ಇದ್ದಿಲು ತುಂಬುತ್ತಿದ್ದ. ಹೋಗಿ ಮುಂದಿನ ಸೀಟಿನಲ್ಲೇ ಕುಳಿತರು.

"ನಿಲ್ಸಿ, ನಾನೂ ಬತ್ತೆ!" ಎಂದು ರಾಯರು ಓಡಿದರು. ಚೆನ್ನಯ್ಯ ಅವರ ಕೈಯನ್ನು ಪ್ರೀತಿಯಿಂದ, ಗಟ್ಟಿಯಾಗಿ ಹಿಡಿದುಕೊಂಡ.

"ನೀವ್ ಹೋರೆ ಹ್ಯಾಂಗ್ ರಾಯ್ರೆ? ಕಂಬ ಸಡ್ಲ ಆತ್ತಾ ಅಂದ್ ಕಾಂಬುಕೆ ಒಬ್ರ್ ಬ್ಯಾಡ್ದಾ? ರಾತ್ರಿ ಭಂಡಸಾಲೆ ಒಳ್ಗೇ ಮನ್ಕಣಿ."