ಮೂರನೇ ಮಹಡಿಗೆ ಬೀಗ ಹಾಕಿದ ಪಂಡಿತ

ತಂತಿರಾಯ: ನಿಮ್ಮ ಪಾಸ್‌ವರ್ಡ್ ನೀವು ಮರೆತ್ರೆ ನಿಮ್ಮ ಕಂಪ್ಯೂಟರ್ ಮುಚ್ಕೋಬೇಕು. ಇಡೀ ಮೂರನೇ ಮಹಡಿ ಯಾಕೆ ಮುಚ್ಕೊಂಡಿತು?

ಪಂಡಿತ: ತೆಗೀರಿ ಅಂದ್ರೆ ತೆಗೀರಿ. ಕಾರಣ ಹೇಳಿದ್ರೂ ನಿಮಗೆ ಅರ್ಥ ಆಗಲ್ಲ.

ಕಚೇರಿಯ ನೆಲಮಾಳಿಗೆ. ಗೋಡೆಯ ತುಂಬ ನೀಲಿ ತಂತಿಗಳ ಸಿಂಬೆ. ಐಟಿ ವಿಭಾಗದ ಹಿರಿಯನಿಗೆ ತಂತಿರಾಯ ಎಂದು ಹೆಸರಿಟ್ಟವನು ನಮ್ಮ ಪಂಡಿತನೇ. ಪಂಡಿತನಿಗೆ ಆ ಹೆಸರಿಟ್ಟದ್ದು ಉಳಿದ ಕಚೇರಿಯೆಲ್ಲ, ಗೌರವದಿಂದಂತೂ ಅಲ್ಲ. ಕಂಪ್ಯೂಟರ್ ಸೈನ್ಸ್ ಓದಿದ ಅವನ ಆರು ತಿಂಗಳ ಪ್ರೊಬೇಷನ್ ಇವತ್ತಿಗೆ ಮುಗಿಯುತ್ತದೆ. ಹನ್ನೊಂದಕ್ಕೆ ಮ್ಯಾನೇಜರಮ್ಮನ ಮುಂದೆ, ಸಿಬ್ಬಂದಿಯ ಹೆಸರು ಹುಡುಕಿಕೊಡುವ ತನ್ನ ಪ್ರೋಗ್ರಾಂ ಓಡಿಸಿ ತೋರಿಸಿದರೆ ಕೆಲಸ ಖಾಯಂ, ಇಲ್ಲವಾದರೆ ಗಂಟುಮೂಟೆ. ಈಗ ಹತ್ತೂ ನಲವತ್ತು.

ತಂತಿರಾಯ: ಅರ್ಜಿ ಹಾಕಿದ್ದೀರಾ?

ಪಂಡಿತ: ಅರ್ಜಿ ಹಾಕೋದೇ ಕಂಪ್ಯೂಟರ್‌ನಲ್ಲಿ. ಅದು ಮುಚ್ಚಿದೆ.

ತಂತಿರಾಯ: ಪಕ್ಕದವರದ್ರಲ್ಲಿ ಹಾಕಿ.

ಪಂಡಿತ: ಅದೂ ಮುಚ್ಚಿದೆ ಅಂತ ನೀವೇ ಅಂದ್ರಲ್ಲ!

ತಂತಿರಾಯ: ಹೌದಲ್ಲ, ಪಾಪ. ಅರ್ಜಿ ಇಲ್ದೆ ನಾನು ಏನೂ ಮುಟ್ಟೋ ಹಾಗಿಲ್ಲ.

ತಂತಿರಾಯ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡ. ಒಂದೇ ಲೋಟಕ್ಕೆ.

ಪಂಡಿತ: ನೋಡಿ, ನಮಗೂ ನಿಮಗೂ ಅಜಗಜಾಂತರ. ಲೆಕ್ಕ ಅಂದ್ರೇನು, ಯಾವ ದಾರೀಲಿ ಬಿಡಿಸಿದ್ರೆ ಬೇಗ ಮುಗಿಯತ್ತೆ, ಯಾವುದು ಎಷ್ಟು ಹೆಣಗಿದ್ರೂ ಮುಗಿಯಲ್ಲ, ಇದು ಕಂಪ್ಯೂಟರ್ ಸೈನ್ಸ್. ಯಾರೋ ಮಾಡಿಟ್ಟ ಯಂತ್ರ ತಂದು ಜೋಡಿಸಿ, ಕೆಟ್ಟಾಗ ಆರಿಸಿ ಹಚ್ಚೋದು ಐಟಿ.

ತಂತಿರಾಯ: ಸರಿ. ಯಾಕೆ ಮುಗಿಯಲ್ಲ ಅಂತ ನೀವು ಕೂತು ಯೋಚಿಸ್ತಿರ್ತೀರಿ, ಅಷ್ಟರಲ್ಲಿ ನಾವು ಮುಗಿಸಿ ಊಟಕ್ಕೆ ಹೋಗಿರ್ತೀವಿ.

ಪಂಡಿತ: ಜನ್ಮದಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೀರಾ?

ತಂತಿರಾಯ: ನೀವು ಬೆಳಿಗ್ಗೆ ಬರೆದ್ರಲ್ಲ, ಅದರ ವಿಷಯ ಹೇಳಿ.

ಪಂಡಿತನ ಮುಖ ಇಂಗು ತಿಂದ ಮಂಗನಂತಾಯಿತು.

ಪಂಡಿತ: ನಿಮ್ಮನ್ನ ಕೇಳೋದಾ ಅಂತ... ನಾನಿಡೋ ಪಾಸ್‌ವರ್ಡ್‌ಗಳಿಗೆ ಒಂದು ಕ್ರಮ ಇದೆ. ಒಂದೊಂದಾಗಿ ಹಾಕಿ ನೋಡೋ ಪ್ರೋಗ್ರಾಂ ಬರೆದು ಪಕ್ಕದವರ ಕಂಪ್ಯೂಟರಿಂದ ಬಿಟ್ಟೆ. ಬಹಳ ಸೊಗಸಾಗಿತ್ತು. ಸೆಕೆಂಡಿಗೆ ನಾನೂರು!

ತಂತಿರಾಯ: ಐದು ಸಲ ತಪ್ಪಿದ್ರೆ ಮುಚ್ಕೊಳ್ಳತ್ತೆ ಅಂತ ಗೊತ್ತಿರ್ಲಿಲ್ವಾ?

ಪಂಡಿತ: ನಮ್ಮ ಸಿಲಬಸ್‌ನಲ್ಲಿ ಇರ್ಲಿಲ್ಲ.

ತಂತಿರಾಯ: ಕಳ್ಳ ನುಗ್ಗಿದ ಅನ್ನಿಸಿದ್ರೆ ಮಹಡಿಗೆ ಮಹಡೀನೇ ಮುಚ್ಚೋ ಹಾಗೆ ಇಟ್ಟಿರೋನು ನಾನು. ಆರಿಸಿ ಹಚ್ಚೋನು.

ಪಂಡಿತ: ಅಣ್ಣಾ... ತೆಗೆದುಬಿಡಣ್ಣಾ. ನಿನ್ನ ದಮ್ಮಯ್ಯ.

ಆರು ತಿಂಗಳಲ್ಲಿ ಮೊದಲ ಸಲ ಅವನ ಬಾಯಲ್ಲಿ ಅಣ್ಣ ಎಂಬ ಪದ ಬಂದಿತ್ತು. ಅದೇ ಹೊತ್ತಿಗೆ ಮೆಟ್ಟಿಲಿಳಿದು ಮ್ಯಾನೇಜರಮ್ಮನೂ ಬಂದರು.

ಮ್ಯಾನೇಜರಮ್ಮ: ಮೇಲೆ ನಲವತ್ತು ಜನ ಕೈಕಟ್ಕೊಂಡು ಕೂತಿದ್ದಾರೆ. ಯಾರ ಘನಕಾರ್ಯ ಇದು?

ತಂತಿರಾಯ: ನಮ್ಮ ಕಾವಲು ಗಟ್ಟಿ ಇದೆಯಾ ಅಂತ ಈತ ನುಗ್ಗಿ ನೋಡಿದ್ರು, ಮೇಡಂ. ಗಟ್ಟಿ ಇದೆ.

ಮ್ಯಾನೇಜರಮ್ಮ: ಯಾರು ಹೇಳಿದ್ದು ನೋಡೋಕೆ?

ತಂತಿರಾಯ: ಯಾರೂ ಹೇಳಿಲ್ಲ. ಅಷ್ಟು ಆಸಕ್ತಿ.

ತನ್ನನ್ನು ಎತ್ತುತ್ತಿದ್ದಾನೋ ಹಳ್ಳಕ್ಕೆ ತಳ್ಳುತ್ತಿದ್ದಾನೋ ಪಂಡಿತನಿಗೆ ತಿಳಿಯಲಿಲ್ಲ.

ಪಂಡಿತ: ಮೇಡಂ, ಹನ್ನೊಂದಕ್ಕೆ ನನ್ನ ಪ್ರೋಗ್ರಾಂ...

ಮ್ಯಾನೇಜರಮ್ಮ: ನಿನ್ನೇನೇ ಓಡಿಸಿ ನೋಡಿದೆ ಕಣಪ್ಪ. ನನ್ನ ಹೆಸರು ಹಾಕಿದ್ರೆ ನಾಲ್ಕು ನಿಮಿಷ ಯೋಚನೆ ಮಾಡಿ, ಅಂಥವರು ಈ ಕಚೇರೀಲೇ ಇಲ್ಲ ಅಂತು. (ತಂತಿರಾಯನಿಗೆ) ಮೇಲೆ ಇವರು ಬೇಡ. ಕೆಳಗೆ ನಿಮಗೆ ಒಬ್ರು ಬೇಕು ಅಂತಿದ್ರಲ್ಲ, ಇಟ್ಕೋತೀರಾ? ಖಾಯಂ ಮಾಡ್ತೀನಿ.

ತಂತಿರಾಯ: ಇರ್ಲಿ ಬಿಡಿ, ಮೇಡಂ. ಹೊರಗೆ ಬಿಟ್ರೆ ಇನ್ನೂ ಅಪಾಯ.

ತಂತಿರಾಯ ಮಹಡಿಯ ಬೀಗ ತೆಗೆದ. ಹನ್ನೊಂದಕ್ಕೆ ಪಂಡಿತ ಮೆಟ್ಟಿಲ ಮೇಲೆ ಕೂತು, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ ಮನೆಗೆ ಫೋನ್ ಮಾಡಿದ.

ಪಂಡಿತ: ಅಮ್ಮಾ, ಕೆಲಸ ಖಾಯಂ ಆಯ್ತು. ಆದ್ರೆ ಕಂಪ್ಯೂಟರ್ ಸೈನ್ಸ್ ಓದಿದ್ದೆಲ್ಲ ನೀರಲ್ಲಿ ಹೋಮ. ನನ್ನನ್ನ ಐಟಿಗೆ ಹಾಕ್ಬಿಟ್ರು.

ಅಮ್ಮ: ಸದ್ಯ! ನೀನು ಐಟೀಲಿದ್ದೀಯ ಅಂತಾನೇ ಆರು ತಿಂಗಳಿಂದ ನೆಂಟರಿಗೆಲ್ಲ ಹೇಳ್ಕೊಂಡು ಬಂದಿದ್ದೆ. ಅಂತೂ ನನ್ನ ಮಾತು ಉಳಿಸಿದೆಯಲ್ಲೋ!