ಡೆಲ್ಬರ್ಟನ ಕಿವಿಯ ಮಿಡತೆ

ಆ ಮಂಗಳವಾರ ಬೆಳಿಗ್ಗೆ ಗಾಳಿ ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಡೆಲ್ಬರ್ಟ್ ಹಾಗನ್ನನ ನೆಮ್ಮದಿಯೂ ಉಳಿಯುತ್ತಿತ್ತು, ಎಡಗಿವಿಯೂ ತೂತಾಗದೆ ಉಳಿಯುತ್ತಿತ್ತು.

ಟಾಲ್‌ಮನ್ ನದಿಯ ದಂಡೆಯಲ್ಲಿರುವ ನಮ್ಮ ಊರಿನಲ್ಲಿ ಟ್ರೌಟ್ ಮೀನು ಹಿಡಿಯಲು ಬಾರದವನಿಗೆ ಗೌರವವಿಲ್ಲ. ಡೆಲ್ಬರ್ಟನಿಗೆ ಹತ್ತು ವರ್ಷದಿಂದ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ಹಿಮ ಕರಗಿ ಹೊಳೆ ಕೆಂಪಾಗುವ ಮೊದಲು ಎಲ್ಲರೂ ಹಿಡಿಯುತ್ತಿದ್ದರು, ಇವನು ನೆಗಡಿ ಹಿಡಿದುಕೊಂಡು ಬರುತ್ತಿದ್ದ. ಜೂನ್‌ನಲ್ಲಿ ಹೆಬ್ಬೆರಳುದ್ದದ ಕಲ್ಲುನೊಣಗಳು ನೀರಿನಿಂದೆದ್ದು ಮೀನುಗಳು ಮದುವೆಮನೆಗೆ ಬಂದ ನೆಂಟರ ಹಾಗೆ ತಿನ್ನುವಾಗ ಇವನ ದಾರ ಮರದ ಕೊಂಬೆಯಲ್ಲಿರುತ್ತಿತ್ತು. ಅಕ್ಟೋಬರ್‌ನಲ್ಲಿ ಕಾಲು ಜಾರಿ ಬೀಳುತ್ತಿದ್ದ. ಚಳಿಗಾಲವೆಲ್ಲ ಅಡುಗೆಮನೆಯ ಮೇಜಿನ ಮೇಲೆ ಕೊಕ್ಕೆಗೆ ಗರಿ, ದಾರ, ಜಿಂಕೆಯ ಕೂದಲು ಸುತ್ತಿ ಮೀನನ್ನು ಮರುಳುಮಾಡುವ ನಕಲಿ ಹುಳು ಮಾಡುತ್ತಿದ್ದ. ಹುಳುಗಳು ನಿಜವಾಗಿಯೂ ಚೆನ್ನಾಗಿರುತ್ತಿದ್ದವು. ಅವನ್ನು ಬೇರೆಯವರು ಕೇಳಿ ಪಡೆದು, ಅವುಗಳಲ್ಲೇ ಮೀನು ಹಿಡಿದು, ಬಂದು ಇವನಿಗೇ ವರ್ಣಿಸುತ್ತಿದ್ದರು.

ಈ ಬೇಸಿಗೆಯಲ್ಲಿ ಅದೃಷ್ಟ ತಿರುಗಿತ್ತು. ಮಿಸೆಸ್ ಕಿಂಬಲ್ ಎಂಬ ಎಂಬತ್ತು ದಾಟಿದ ವಿಧವೆಯ ಕರುವನ್ನು ಅವನು ಕಾಲುವೆಯಿಂದ ಮೇಲೆತ್ತಿ ಕೊಟ್ಟಿದ್ದ. ಅದಕ್ಕೆ ಪ್ರತಿಯಾಗಿ ಆಕೆ ತನ್ನ ಹುಲ್ಲುಗಾವಲಿನ ಹಿಂದೆ, ವಿಲ್ಲೋ ಪೊದೆಗಳ ಮರೆಯಲ್ಲಿ ಹೊಳೆ ತಿರುಗುವ ಜಾಗ ತೋರಿಸಿದ್ದಳು.

"ನೀನೊಬ್ಬನೇ ಬರ್ಬೇಕು," ಎಂದಿದ್ದಳು. "ಇನ್ನೊಬ್ಬನ ಕಾಲು ನನ್ನ ಗೇಟು ದಾಟ್ತೋ, ಬೀಗ ಹಾಕಿ ಬೀಗದ ಕೈನ ಹೊಳೆಗೆ ಎಸೀತೀನಿ. ನಿನ್ನೂ ಸೇರಿಸೇ ಎಸೀತೀನಿ."

ಮಂಗಳವಾರ ಬೆಳಿಗ್ಗೆ ಡೆಲ್ಬರ್ಟ್ ತಾನು ಕೆಲಸ ಮಾಡುವ ಮೇವಿನ ಅಂಗಡಿಯ ಒಡತಿ ವರ್ನಾಗೆ ಫೋನ್ ಮಾಡಿ, ಕೆನ್ನೆಯೊಳಗೆ ಬ್ರೆಡ್ಡಿನ ತುಂಡು ಇಟ್ಟುಕೊಂಡು, "ಹಲ್ಲುನೋವು, ಮಧ್ಯಾಹ್ನ ಬರ್ತೀನಿ," ಎಂದ. ಎಂಟು ಗಂಟೆಗೆ, ತಾನೇ ಕಟ್ಟಿದ ಹಳದಿ ಹೊಟ್ಟೆಯ ಮಿಡತೆಯನ್ನು ಆ ತಿರುವಿನ ನೀರಿಗೆ ಬಿಟ್ಟ. ಅದು ಎರಡು ಮಾರು ತೇಲಿತೋ ಇಲ್ಲವೋ, ನೀರು ಬಾಯಿ ತೆರೆದು ನುಂಗಿತು. ಮೊಳಕ್ಕಿಂತ ಉದ್ದದ ಕಂದು ಟ್ರೌಟ್! ಡೆಲ್ಬರ್ಟ್ ಅದನ್ನು ಕೈಯಲ್ಲಿ ಹಿಡಿದು ಕೂಸನ್ನು ನೋಡುವಂತೆ ನೋಡಿದ, ಮತ್ತೆ ನೀರಿಗೆ ಬಿಟ್ಟ. ಬಿಡುವುದು ನಮ್ಮ ಕಡೆಯ ಮರ್ಯಾದೆ.

ಆ ಹುರುಪಿನಲ್ಲಿ ಅವನು ಗಾಳದ ಕೋಲನ್ನು ಹಿಂದಕ್ಕೆ ಬೀಸಿದ. ಅದೇ ಹೊತ್ತಿಗೆ ಬೆಟ್ಟದ ಕಡೆಯಿಂದ ಗಾಳಿ ಬೀಸಿತು. ಮಿಡತೆ ಹೊಳೆಗೆ ಹೋಗುವ ಬದಲು ಅವನ ಎಡಗಿವಿಯ ಹಾಲೆಯಲ್ಲಿ ಬಂದು ಕೂತಿತು.

ಎಳೆದ. ಬರಲಿಲ್ಲ. ಕೊಕ್ಕೆಯ ತುದಿಯ ಸಣ್ಣ ಮುಳ್ಳನ್ನು ಚಪ್ಪಟೆ ಮಾಡಲು ಮರೆತಿದ್ದ. ಇನ್ನೊಮ್ಮೆ ಎಳೆದಾಗ ಅವನು ಹಾಕಿದ ಕೂಗಿಗೆ ಆಚೆ ದಡದ ಬಾತುಗಳು ಹಾರಿಹೋದವು. ಕೊನೆಗೆ ದಾರ ಕತ್ತರಿಸಿ, ಟೋಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆ ಜಗ್ಗಿ, ಪಿಕಪ್ ಗಾಡಿ ಹತ್ತಿದ.

ಆಸ್ಪತ್ರೆಯ ಬಾಗಿಲಲ್ಲಿ 'ಡಾಕ್ಟರು ಗುರುವಾರ ಬರುತ್ತಾರೆ' ಎಂಬ ಚೀಟಿ. ಹೆಂಡತಿ ಮೇವಿಸ್ ಲೈಬ್ರರಿಯಲ್ಲಿದ್ದಳು. ಆದರೆ ಮೇವಿಸ್‌ಗೆ ಹೇಳುವುದೂ ಊರಿಗೆ ಡಂಗುರ ಹೊಡೆಸುವುದೂ ಒಂದೇ. ಉಳಿದವರು ದನದ ಡಾಕ್ಟರು ಪ್ರುಯಿಟ್. ಅವರ ಮನೆಗೆ ಹೋಗುವ ದಾರಿಯಲ್ಲಿ ಪೆಟ್ರೋಲ್ ಮುಗಿಯುವ ದೀಪ ಹತ್ತಿತು.

ಪಂಪಿನ ಹತ್ತಿರ ಲೂಥರ್ ನಿಂತಿದ್ದ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಕನ್ನಡಿಯಲ್ಲಿ ನೋಡಿಯೇ ಹಿಂದಿನ ಸೀಟಿನ ಕಳ್ಳರನ್ನು ಹಿಡಿಯುತ್ತಿದ್ದ ಕಣ್ಣು.

"ಏನೋ ಡೆಲ್ಬರ್ಟ್, ಇಂಥ ಬಿಸಿಲಲ್ಲಿ ಟೋಪಿನ ಗಲ್ಲದವರೆಗೂ ಎಳ್ಕೊಂಡಿದೀಯ?"

"ಹಲ್ಲುನೋವು."

"ಹಲ್ಲು ಯಾವಾಗ್ಲಿಂದ ಕಿವಿಗೆ ಹತ್ತಿದ್ದು?" ಎಂದು ಲೂಥರ್ ಟೋಪಿ ಕಿತ್ತೇಬಿಟ್ಟ. ನೋಡಿ, ತೊಡೆ ತಟ್ಟಿ ನಕ್ಕ. "ಅಯ್ಯೋ ಮಾರಾಯ! ಒಂದೇ ಕಿವಿಗೆ ಓಲೆ ಹಾಕಿಸ್ಕೊಂಡ್ಯಾ? ಇನ್ನೊಂದಕ್ಕೆ ಯಾವಾಗ?" ಆಮೇಲೆ ನಗು ನಿಂತಿತು. ಕನ್ನಡಕ ಹಾಕಿಕೊಂಡು ಕಿವಿಯ ಹತ್ತಿರ ಬಂದ. "ತಡಿ ತಡಿ. ಅಲ್ಲಾಡ್ಬೇಡ. ಹಳದಿ ಮಿಡತೆ. ಒದ್ದೆಯಿದೆ. ಬೆನ್ನಿನ ಕೂದಲು ಕಿತ್ತು ಹೋಗಿದೆ... ಡೆಲ್ಬರ್ಟ್! ಇದು ಹಲ್ಲಿನ ಗುರುತು ಕಣೋ! ನಿನ್ ಹುಳುನ ಮೀನು ಕಚ್ಚಿದೆ!"

"ಎಲ್ಲೋ ಕಲ್ಲಿಗೆ ತಾಗಿರ್ಬೇಕು."

"ಕಲ್ಲಿಗೆ ಹಲ್ಲಿರುತ್ತೇನೋ? ಎಲ್ಲಿ ಹಿಡಿದೆ?"

ಡೆಲ್ಬರ್ಟ್ ಪೆಟ್ರೋಲೂ ಹಾಕಿಸದೆ ಗಾಡಿ ಓಡಿಸಿದ. ಅದು ಸರಿಯಾಗಿ ಮೇವಿನ ಅಂಗಡಿಯ ಎದುರು ಬಂದು ನಿಂತಿತು. ವರ್ನಾ ಓಟ್ಸ್ ಮೂಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು.

"ಬಾಪ್ಪಾ, ಹಲ್ಲುನೋವಿನವನೇ. ಲೂಥರ್ ಈಗ ಫೋನ್ ಮಾಡಿದ್ದ."

"ವರ್ನಾ, ತಪ್ಪಾಯ್ತು. ಸುಳ್ಳು ಹೇಳಿದ್ದು ನಿಜ. ಈ ದಿನದ ಸಂಬಳ ಕೊಡ್ಬೇಡಿ, ಬೇಕಾದ್ರೆ ಕೆಲಸದಿಂದಾನೇ..."

"ಸಂಬಳದ ಮಾತು ಯಾರು ಆಡಿದ್ರೋ? ಎಲ್ಲಿ ಹಿಡಿದೆ, ಅದನ್ನ ಹೇಳು. ನಾನು ಎರಡು ವಾರದಿಂದ ಮಿಡತೆ ತೇಲಿಸಿ ತೇಲಿಸಿ ಸಾಯ್ತಿದೀನಿ. ಒಂದು ಮೀನೂ ಮೂಸಿ ನೋಡಿಲ್ಲ."

ಡೆಲ್ಬರ್ಟ್ ಅಲ್ಲಿಂದ ನಡೆದೇ ಹೊರಟ. ವರ್ನಾ ಅಂಗಡಿಗೆ ಬಾಗಿಲು ಹಾಕಿ ಹಿಂದೆ ಬಂದಳು. ಲೂಥರ್ ಬಂದ. ಕಟಿಂಗ್ ಅಂಗಡಿಯಿಂದ ಅರ್ಧ ಕೂದಲು ಕತ್ತರಿಸಿಕೊಂಡವನೊಬ್ಬ ಕೊರಳಿನ ಬಿಳಿ ಬಟ್ಟೆಯ ಸಮೇತ ಬಂದ. ಪ್ರುಯಿಟ್ ಡಾಕ್ಟರ ಕೊಟ್ಟಿಗೆ ಮುಟ್ಟುವಾಗ ಡೆಲ್ಬರ್ಟನ ಹಿಂದೆ ಹದಿನೈದು ಜನರ ಮೆರವಣಿಗೆಯಿತ್ತು.

ಡಾಕ್ಟರು ಒಂದು ಹಸುವಿಗೆ ಔಷಧಿ ಕುಡಿಸುತ್ತಿದ್ದರು. ಡೆಲ್ಬರ್ಟನನ್ನು ಅದರ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂರಿಸಿ, ಕೊಕ್ಕೆಯ ಬಾಗಿಗೆ ಗಟ್ಟಿ ದಾರವೊಂದನ್ನು ಸುತ್ತಿ, ತುದಿಯನ್ನು ಕೈಗೆ ಕಟ್ಟಿಕೊಂಡರು.

"ಒಂದೇ ಜಗ್ಗು. ನೋವಾಗೋದು ಗೊತ್ತೇ ಆಗಲ್ಲ."

"ಜಗ್ಗಿ ಡಾಕ್ಟ್ರೇ."

"ಜಗ್ತೀನಿ. ಎಲ್ಲಿ ಹಿಡಿದೆ?"

"ಡಾಕ್ಟ್ರೇ!"

"ನಂಗೇನು ಅವಸರ ಇಲ್ಲಪ್ಪ," ಎಂದರು ಡಾಕ್ಟರು, ದಾರವನ್ನು ಚೂರೇ ಚೂರು ಬಿಗಿ ಮಾಡುತ್ತ. "ಈ ಹಸು ಸಾಯಂಕಾಲದವರೆಗೂ ಇಲ್ಲೇ ಇರುತ್ತೆ. ನೀನೂ ಇರು."

ಡೆಲ್ಬರ್ಟನಿಗೆ ಮಿಸೆಸ್ ಕಿಂಬಲ್ಲಳ ಗೇಟು ಕಣ್ಣಿಗೆ ಕಟ್ಟಿತು. ಹತ್ತು ವರ್ಷಕ್ಕೆ ಒಮ್ಮೆ ಸಿಕ್ಕ ಜಾಗ. ಕಿವಿ ಹರಿದರೂ ಅದನ್ನು ಬಿಟ್ಟುಕೊಡುವುದಿಲ್ಲ ಎಂದು ಹಲ್ಲು ಕಚ್ಚಿದ. ಡಾಕ್ಟರು ಇನ್ನೊಂದು ಚೂರು ಬಿಗಿದರು.

"ಮಿಲ್ ಸೇತುವೆ!" ಎಂದು ಕಿರುಚಿದ ಡೆಲ್ಬರ್ಟ್. "ಮಿಲ್ ಸೇತುವೆ ಕೆಳಗೆ, ಬಲದಂಡೆ!"

ಡಾಕ್ಟರು ಜಗ್ಗಿದರು. ಮಿಡತೆ ಪುಟಕ್ಕನೆ ಹಾರಿ ಹಸುವಿನ ಬೆನ್ನ ಮೇಲೆ ಬಿತ್ತು.

ಎಲ್ಲರೂ ಮುಖ ಮುಖ ನೋಡಿಕೊಂಡರು. ಮಿಲ್ ಸೇತುವೆಯ ಕೆಳಗಿನ ನೀರಿನಲ್ಲಿ ಹಳೇ ಟೈರು ಬಿಟ್ಟು ಇನ್ನೇನೂ ಸಿಕ್ಕಿದ್ದು ಯಾರಿಗೂ ನೆನಪಿರಲಿಲ್ಲ.

"ಸುಳ್ಳಿರ್ಬೇಕು," ಎಂದಳು ವರ್ನಾ.

"ಸುಳ್ಳು ಹೇಳೋನು ಒಳ್ಳೇ ಜಾಗದ ಹೆಸರು ಹೇಳ್ತಾನೆ," ಎಂದ ಲೂಥರ್. "ಇಂಥ ದರಿದ್ರ ಜಾಗದ ಹೆಸರು ನಿಜ ಹೇಳೋನ ಬಾಯಲ್ಲೇ ಬರೋದು."

ಮಧ್ಯಾಹ್ನ ಮೂರಕ್ಕೆ ಊರು ಖಾಲಿ. ಡೆಲ್ಬರ್ಟ್ ಕಿವಿಗೆ ಪಟ್ಟಿ ಸುತ್ತಿಕೊಂಡು, ಗಾಡಿಗೆ ಪೆಟ್ರೋಲು ಹುಯ್ದು, ನಗುತ್ತಾ ತನ್ನ ತಿರುವಿಗೆ ಹೋದ. ಸೂರ್ಯ ಇಳಿಯುವವರೆಗೂ ಮಿಡತೆ ತೇಲಿಸಿದ. ಒಂದೂ ಕಚ್ಚಲಿಲ್ಲ. ಅವನಿಗೆ ಬೇಸರವೇನೂ ಆಗಲಿಲ್ಲ. ಹದಿನೈದು ಜನ ಟೈರು ಹಿಡಿಯುತ್ತಿರುವುದನ್ನು ನೆನೆದು ನೆನೆದು ಒಬ್ಬನೇ ನಕ್ಕ.

ಮನೆಗೆ ಬಂದಾಗ ಅಂಗಳದ ತುಂಬ ಗಾಡಿಗಳು. ಹೊಡೆಯಲು ಬಂದಿದ್ದಾರೆಂದು ಡೆಲ್ಬರ್ಟ್ ವಾಪಸ್ ತಿರುಗಿಸುವಷ್ಟರಲ್ಲಿ ಲೂಥರ್ ಓಡಿ ಬಂದು ಬಾಗಿಲು ತೆಗೆದು, ಅವನನ್ನು ಹೊರಗೆಳೆದು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ಏಳು! ಏಳು ಟ್ರೌಟ್ ಕಣೋ, ನನ್ನೊಬ್ಬನಿಗೇ!"

ಆದದ್ದು ಇಷ್ಟು. ಸೇತುವೆಯ ಪಕ್ಕದ ಜಮೀನಿನವನು ಅವತ್ತೇ ಒಣಹುಲ್ಲು ಕತ್ತರಿಸಲು ಯಂತ್ರ ಇಳಿಸಿದ್ದ. ಹುಲ್ಲಿನಲ್ಲಿದ್ದ ಮಿಡತೆಗಳು ಎದ್ದು ಹಾರಿದವು. ಬೆಟ್ಟದ ಗಾಳಿ ಅವನ್ನೆಲ್ಲ ಗುಡಿಸಿ ಹೊಳೆಗೆ ಸುರಿಯಿತು. ಮೇಲಿನಿಂದ, ಕೆಳಗಿನಿಂದ, ಇಡೀ ನದಿಯ ಟ್ರೌಟ್‌ಗಳು ಅಲ್ಲಿಗೆ ಊಟಕ್ಕೆ ಬಂದಿದ್ದವು. ಡೆಲ್ಬರ್ಟನ ತಿರುವಿನಲ್ಲಿ ಇದ್ದವೂ.

"ಎಲ್ಲಾರ್ಗಿಂತ ದೊಡ್ಡದು ಯಾರಿಗೆ ಗೊತ್ತಾ?" ಎಂದಳು ವರ್ನಾ. ಮೇವಿಸ್ ನಾಚಿಕೊಂಡು ಎರಡೂ ಕೈ ಅಗಲಿಸಿ ತೋರಿಸಿದಳು. ಗಂಡನನ್ನು ಹುಡುಕಿಕೊಂಡು ಸೇತುವೆಗೆ ಹೋಗಿದ್ದಳಂತೆ. ಲೂಥರ್ ಸುಮ್ಮನೆ ಕೋಲು ಹಿಡಿದುಕೊಂಡಿರು ಎಂದು ಕೊಟ್ಟಿದ್ದನಂತೆ.

"ಹತ್ತು ವರ್ಷ ನಿನ್ನ ಆಡ್ಕೊಂಡ್ವಿ," ಎಂದರು ಪ್ರುಯಿಟ್ ಡಾಕ್ಟರು. "ನೀನು ನದಿನ ಓದೋನು ಕಣಪ್ಪ. ನಮ್ಗೇ ಗೊತ್ತಾಗ್ಲಿಲ್ಲ."

ಡೆಲ್ಬರ್ಟನಿಗೆ ಎದೆ ತುಂಬಿ ಬಂತು. ಊರಿನ ಬಾಯಲ್ಲಿ ಇಂಥ ಮಾತು ಕೇಳಲು ಅವನು ಹತ್ತು ವರ್ಷ ನೆಗಡಿ ಅನುಭವಿಸಿದ್ದ. ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಳ್ಳಲು ಬಾಯಿ ತೆರೆದವನು, ಮುಚ್ಚಿದ.

ಮರುದಿನ ಬೆಳಿಗ್ಗೆ ಐದೂವರೆಗೆ ಅವನ ಮನೆಯ ಗೇಟಿನ ಹೊರಗೆ ಹನ್ನೆರಡು ಗಾಡಿಗಳು ಇಂಜಿನ್ ಓಡಿಸಿಕೊಂಡು ಸಾಲಾಗಿ ನಿಂತಿದ್ದವು. ಮೊದಲ ಗಾಡಿಯಲ್ಲಿ ಡೆಲ್ಬರ್ಟನದೇ ರಬ್ಬರ್ ಬೂಟು ಹಾಕಿಕೊಂಡು ಮೇವಿಸ್ ಕೂತಿದ್ದಳು.

"ಇವತ್ತು ಯಾವ ಕಡೆ ಗುರುವೇ?" ಎಂದ ಲೂಥರ್, ಬಿಸಿ ಕಾಫಿ ಚಾಚುತ್ತ.

ಒಂದೇ ಉಪಾಯವಿತ್ತು. ಡೆಲ್ಬರ್ಟ್ ಎಲ್ಲರನ್ನೂ ಇಟ್ಟಿಗೆ ಗೂಡಿನ ಹಿಂದಿನ ಮೊಣಕಾಲುದ್ದದ ಕೆಸರಿಗೆ ಕರೆದುಕೊಂಡು ಹೋದ. ಅಲ್ಲಿ ಟ್ರೌಟಿರಲಿ, ಕಪ್ಪೆಯೂ ಇರಲಿಲ್ಲ. ಒಂದು ದಿನ ಬರಿಗೈಯಲ್ಲಿ ಹೋದರೆ ನಾಳೆಯಿಂದ ಯಾರೂ ಬರುವುದಿಲ್ಲವೆಂದು ಅವನ ಲೆಕ್ಕ. ಮಧ್ಯಾಹ್ನದವರೆಗೆ ಯಾರಿಗೂ ಏನೂ ಸಿಗಲಿಲ್ಲ. ವರ್ನಾ ಬೂಟಿನ ಕೆಸರು ಕೊಡವುತ್ತ ಇವನನ್ನೇ ದಿಟ್ಟಿಸಿ ನೋಡಿದಳು. ಲೂಥರ್ ಡಾಕ್ಟರ ಕಿವಿಯಲ್ಲಿ ಏನೋ ಹೇಳಿದ. ಡಾಕ್ಟರು ತಲೆಯಾಡಿಸಿದರು.

"ಇವನಿಗೆ ಗೊತ್ತಿರೋ ನಿಜವಾದ ಜಾಗ ಬೇರೆ ಎಲ್ಲೋ ಇದೆ," ಎಂದ ಲೂಥರ್ ಎಲ್ಲರಿಗೂ ಕೇಳುವಂತೆ. "ಮುಚ್ಚಿಡ್ತಿದಾನೆ. ಇನ್ನು ಒಂದು ಗಳಿಗೆನೂ ಇವನನ್ನ ಒಬ್ಬನೇ ಬಿಡ್ಬಾರ್ದು."

ಬಿಡಲೂ ಇಲ್ಲ. ಪಾಳಿ ಹಾಕಿಕೊಂಡರು. ಹಗಲು ಅಂಗಡಿಯಲ್ಲಿ ವರ್ನಾ, ಸಂಜೆ ವರಾಂಡದಲ್ಲಿ ಲೂಥರ್, ಮನೆಯೊಳಗೆ ಮೇವಿಸ್.

ಶನಿವಾರ ಸಂಜೆ ಫೋನು ಬಡಿಯಿತು. ಡೆಲ್ಬರ್ಟ್ ಎತ್ತಿದ.

"ಯಾಕೋ, ಬಂದೇ ಇಲ್ಲ?" ಮಿಸೆಸ್ ಕಿಂಬಲ್ಲಳ ಗಂಟಲು ಫೋನಿನಿಂದ ಹೊರಗೂ ಕೇಳಿಸುವಂತಿತ್ತು. "ನಿನ್ ಮೀನುಗಳೆಲ್ಲ ವಾಪಸ್ ಬಂದಿವೆ. ಕುಣೀತಾ ಇವೆ. ನನ್ ಕರುವಿನ ಮೇಲೆಲ್ಲ ನೀರು ಹಾರಿಸ್ತಿವೆ!"

ವರಾಂಡದಿಂದ ಲೂಥರನ ಕುರ್ಚಿ ಕಿರ್ರೆಂದಿತು. "ಯಾರೋ ಅದು?"

ಡೆಲ್ಬರ್ಟ್ ಫೋನನ್ನು ನೋವಿರುವ ಕಿವಿಗೆ ಒತ್ತಿ ಹಿಡಿದ.

"ರಾಂಗ್ ನಂಬರ್," ಎಂದ.